ಇಲಿ ಹೇಳಿತು, ಅತ್ತೆ ಕೇಳಲಿಲ್ಲ

ಪ್ರಯೋಗಾಲಯವೆಂದರೆ ಬಿಳಿ ಕೋಟು, ಗಂಭೀರ ಮುಖ, ಪಿಸುಮಾತು ಎಂದು ನಂಬಿದವರು ಹೊಸಪೇಟೆಯ ನಮ್ಮ ಲ್ಯಾಬಿಗೆ ಒಂದು ದಿನವೂ ಕಾಲಿಟ್ಟವರಲ್ಲ. ಉಳಿದ ಕಚೇರಿಗಳಿಗೆ ಅರ್ಜಿ ಬರುತ್ತದೆ, ಟಪಾಲು ಬರುತ್ತದೆ. ನಮ್ಮಲ್ಲಿಗೆ ಬೆಳಗಾದರೆ ಒಂದು ನಗೆಪಾಟಲು ತಾನಾಗಿಯೇ ಮೆಟ್ಟಿಲು ಹತ್ತಿ ಬಂದು, ಕುರ್ಚಿ ಎಳೆದುಕೊಂಡು ಕೂರುತ್ತಿತ್ತು. ಅಲ್ಲಿ ಟೆಕ್ನಿಶಿಯನ್ ಆಗಿದ್ದ ನಾನು ವಿಜ್ಞಾನ ಎಷ್ಟು ಕಲಿತೆನೋ ಗೊತ್ತಿಲ್ಲ, ನಗು ತಡೆದುಕೊಳ್ಳುವುದನ್ನಂತೂ ಚೆನ್ನಾಗಿ ಕಲಿತೆ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದವು. ನಮ್ಮ ಜೀಪಿನ ಡ್ರೈವರು ಕೆಲಸ ಬಿಟ್ಟು ಟಿಪ್ಪರ್ ಓಡಿಸಲು ಹೋದ; ಅವನ ಜಾಗಕ್ಕೆ ಬಂದವನು ಮೂರನೇ ವಾರಕ್ಕೇ ಅವನ ಹಿಂದೆ ಹೋದ. ಊರಿಗೆ ಊರೇ ಕೆಂಪು ಮಣ್ಣಿನ ಹಿಂದೆ ಬಿದ್ದಾಗ ನಾವು ಮೂವರು ಮಾತ್ರ ಮಾರ್ಕೆಟ್ ಹಿಂದಿನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಬಾಳೆ ಎಲೆ ಅರೆಯುತ್ತ ಕೂತಿದ್ದೆವು: ಮೈಸೂರು ಕಡೆಯಿಂದ ಬಂದಿದ್ದ ವಿಜ್ಞಾನಿ ಸಾಹೇಬರು, ಗಾಜಿನ ಸಾಮಾನು ತೊಳೆಯುವ ಆಯಾ, ಮತ್ತು ನಾನು.

ಕೆಲಸ ಇಷ್ಟೆ. ಬಾಳೆಗೆ ಒಂದು ವೈರಸ್ ರೋಗ ಬರುತ್ತದೆ. ಹೊಸ ಎಲೆಗಳು ಬಿಚ್ಚಿಕೊಳ್ಳದೆ ಗಿಡದ ನೆತ್ತಿಯಲ್ಲಿ ಜುಟ್ಟು ಕಟ್ಟಿದಂತೆ ನಿಂತುಬಿಡುತ್ತವೆ. ಆಮೇಲೆ ಗೊನೆಯ ಆಸೆ ಬಿಡಬೇಕು. ರೈತರ ಬಾಯಲ್ಲಿ ಅದು ಜುಟ್ಟು ರೋಗ. ಜುಟ್ಟು ಕಣ್ಣಿಗೆ ಬೀಳುವ ಹೊತ್ತಿಗೆ ಗಿಡದ ರಸ ಹೀರುವ ಕಪ್ಪು ಹೇನುಗಳು ಆ ರೋಗವನ್ನು ತೋಟಕ್ಕೆಲ್ಲ ಹಂಚಿ ಮುಗಿಸಿರುತ್ತವೆ. ಗಿಡ ಇನ್ನೂ ಹಸಿರಾಗಿ ತಲೆಯಾಡಿಸುತ್ತಿರುವಾಗಲೇ ಒಳಗಿನ ವೈರಸ್ಸನ್ನು ಹಿಡಿಯಬೇಕೆಂದು ಬೆಂಗಳೂರಿನ ದೊಡ್ಡ ಲ್ಯಾಬಿನವರು ಮಾನೋಕ್ಲೋನಲ್ ಆ್ಯಂಟಿಬಾಡಿ ತಯಾರಿಸಿ ಐಸ್ ಡಬ್ಬಿಯಲ್ಲಿಟ್ಟು ನಮಗೆ ಕಳಿಸುತ್ತಿದ್ದರು. ಊರ ನಾಯಿ ಕಂಡವರಿಗೆಲ್ಲ ಬೊಗಳುತ್ತದೆ. ಈ ಆ್ಯಂಟಿಬಾಡಿ ಒಬ್ಬನೇ ಒಬ್ಬ ಕಳ್ಳನಿಗೆ ಬೊಗಳುವ ನಾಯಿ. ಪಡ್ಡಿನ ಹಂಚಿನ ಹಾಗೆ ಗುಳಿಗಳಿರುವ ಒಂದು ಪ್ಲೇಟಿನಲ್ಲಿ ಎಲೆಯ ರಸ ಹಾಕಿ, ಇದನ್ನೂ ಇನ್ನೆರಡು ದ್ರಾವಣವನ್ನೂ ಬೆರೆಸಿದರೆ, ವೈರಸ್ ಇದ್ದ ಗುಳಿ ಹಳದಿಯಾಗುತ್ತದೆ. ಇಲ್ಲದ್ದು ನೀರಿನಂತೆ ತಿಳಿಯಾಗಿಯೇ ಉಳಿಯುತ್ತದೆ.

ಹಣ ಕೊಡುವ ಕಮಿಟಿ ಲ್ಯಾಬಿಗೆ ಕೊಟ್ಟಿದ್ದು ಒಂದು ವರ್ಷದ ಗಡುವು. ಅಷ್ಟರೊಳಗೆ ಒಬ್ಬ ರೈತನಾದರೂ ಕಣ್ಣಿಗೆ ಚೆನ್ನಾಗಿ ಕಾಣುವ ಬಾಳೆಯನ್ನು ನಮ್ಮ ಮಾತು ನಂಬಿ ಕಿತ್ತು ಹಾಕಬೇಕು. ನಮ್ಮ ಮಾತು ನಿಜವಾಗಿತ್ತು ಎಂದೂ ತೋರಿಸಬೇಕು. ಇಲ್ಲವಾದರೆ ಬೀಗ. ಬೀಗ ಬಿದ್ದರೆ ನನಗೆ ಕಾದಿದ್ದು ನಮ್ಮ ಯಜಮಾನರು, ಅಂದರೆ ನನ್ನ ಗಂಡ, ಕೆಲಸ ಮಾಡುತ್ತಿದ್ದ ಗಣಿ ಕಚೇರಿಯ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೂತು ಲಾರಿ ನಂಬರ್ ಬರೆಯುವ ಕೆಲಸ. ಕುರ್ಚಿ ಕೂಡ ಗೊತ್ತುಮಾಡಿ ಇಟ್ಟಿದ್ದರು. ಆ ಕುರ್ಚಿ ನೆನೆದರೇ ನನಗೆ ಅಳು ಬರುತ್ತಿತ್ತು.

ಇಲಿ ಸರಬರಾಜು

ಕಂಪ್ಲಿಯಲ್ಲಿ ರೈತರ ಸಭೆ. ಸಾಹೇಬರು ಉತ್ಸಾಹದಿಂದ ಆ್ಯಂಟಿಬಾಡಿ ಹುಟ್ಟಿದ ಕತೆ ಹೇಳಿದರು. ಇಲಿಗೆ ಬಾಳೆಯ ವೈರಸ್ ಚುಚ್ಚುತ್ತಾರೆ. ಆ ವೈರಸ್ಸನ್ನು ಗುರುತು ಹಿಡಿಯುವ ಜೀವಕೋಶಗಳು ಇಲಿಯ ಮೈಯಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ಚುರುಕಾದ ಒಂದನ್ನೇ ಆರಿಸಿ ಗಾಜಿನಲ್ಲಿ ಬೆಳೆಸಿದರೆ ಅದರ ಸಂತಾನವೆಲ್ಲ ಅದೇ ಕೆಲಸ ಮಾಡುತ್ತದೆ.

ಮುಂದಿನ ಸಾಲಿನಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಕೂತಿದ್ದರು. ಹೊಳೆ ದಂಡೆಗೆ ಅವರದೊಂದು ಬಾಳೆ ತೋಟವೂ ಇತ್ತು. ಎದ್ದು ನಿಂತು ಕೇಳಿದರು.

"ಸಾಹೇಬ್ರ, ಆ ಇಲಿ ಈಗ ಎಲ್ಲಿ ಐತ್ರಿ?"

"ಅದು ಯಾವತ್ತೋ ಸತ್ತುಹೋಯ್ತು. ಅದರ ಜೀವಕೋಶ ಮಾತ್ರ ಇನ್ನೂ ಬೆಳೀತಾ ಇದೆ."

"ಅಂದ್ರ ಇಲಿ ಸತ್ರೂ ಅದರ ಕೆಲಸ ನಡದೈತಿ ಅಂತೀರಿ."

"ಹೌದು, ಹೌದು, ಸರಿಯಾಗಿ ಹೇಳಿದ್ರಿ!"

"ನಮ್ಮ ಗಿರಣ್ಯಾಗ ಜೀವಂತ ಇದ್ದವ್ರೂ ಇಷ್ಟು ಕೆಲಸ ಮಾಡಂಗಿಲ್ರಿ," ಎಂದು ಅವರು ಕೂತರು. ಸಭೆ ಅಲ್ಲಿಗೇ ಮುಗಿದ ಹಾಗಾಯಿತು, ಆಮೇಲೆ ಸಾಹೇಬರ ಮಾತು ಯಾರಿಗೂ ಕೇಳಿಸಲಿಲ್ಲ.

ಮುಂದಿನ ವಾರ ಅದೇ ಸಾಹುಕಾರರು ನಮ್ಮ ಲ್ಯಾಬಿನ ಮೆಟ್ಟಿಲು ಹತ್ತಿ ಬಂದರು. ಹಿಂದೆ ಇಬ್ಬರು ಹಮಾಲರು. ಅವರ ತಲೆಯ ಮೇಲೆ ಗೋಣಿ ಮುಚ್ಚಿದ ಎರಡು ತಂತಿ ಬೋನು. ಗೋಣಿ ಸರಿಸಿದ ತಕ್ಷಣ ನಮ್ಮ ಆಯಾ ಮೇಜಿನ ಮೇಲಿದ್ದಳು. ಯಾವಾಗ ಹತ್ತಿದಳು ಎಂದು ಅವಳಿಗೂ ಗೊತ್ತಾಗಲಿಲ್ಲ.

"ನಮ್ಮ ಗಿರಣಿ ಇಲಿ ಸಾಹೇಬ್ರ. ಸಣ್ಣಕ್ಕಿ ತಿಂದು ಬೆಳದಾವ. ಬೆಂಗಳೂರಿಂದ ಯಾಕ ತರಸ್ತೀರಿ? ನಮ್ಮ ಬಾಳಿ ರೋಗ ನಮ್ಮ ಇಲೀಗೆ ಲಗೂನ ತಿಳೀತೈತಿ."

ಸಾಹೇಬರಿಗೆ ಸಿಟ್ಟು ಬರುವುದು ಕಡಿಮೆ. ಮೆತ್ತಗೆ ಹೇಳಿದರು. "ತುಂಬಾ ಉಪಕಾರ. ಆದರೆ ಇವು ಹೆಗ್ಗಣ. ಈ ಕೆಲಸಕ್ಕೆ ಬೇಕಾದ್ದು ಸಣ್ಣ ಬಿಳಿ ಇಲಿ."

ಸಾಹುಕಾರರು ನಿಜವಾಗಿ ನೊಂದುಕೊಂಡರು. "ಬಣ್ಣ ನೋಡಿ ಬ್ಯಾಡ ಅನ್ನಬ್ಯಾಡ್ರಿ ಸಾಹೇಬ್ರ. ಅಕ್ಕಿ ಆಗಿದ್ರ ಪಾಲಿಶ್ ಹೊಡದು ಬೆಳ್ಳಗ ಮಾಡಿ ಕೊಡ್ತಿದ್ದೆ. ಇಲೀಗೆ ನಾ ಏನ್ ಮಾಡ್ಲಿ?"

ಬರೀ ಹಣೆ

ಸಂಡೂರು ರಸ್ತೆಯ ತೋಟಗಳಿಂದ ಬರುವ ಎಲೆ ಹಸಿರಾಗಿಯೇ ಇರುತ್ತಿರಲಿಲ್ಲ. ಟಿಪ್ಪರುಗಳು ಎಬ್ಬಿಸಿದ ಧೂಳು ಕೂತು ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತಿತ್ತು. ಅದಕ್ಕೇ ನಾನು ಕಡ್ಡಾಯ ಮಾಡಿದೆ: ಎಲೆಯನ್ನು ಚೆನ್ನಾಗಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರಬೇಕು.

ಒಬ್ಬ ಹೆಣ್ಣುಮಗಳು ಹೇಳಿದ ಹಾಗೇ ತಂದುಕೊಟ್ಟಳು. ನಾನು ಬೇರೆ ಗಡಿಬಿಡಿಯಲ್ಲಿದ್ದೆ. ಬಟ್ಟೆಯಿಂದ ತೆಗೆದವಳೇ ಸರಿಯಾಗಿ ನೋಡದೆ ಒರಳಿಗೆ ಹಾಕಿ, ನಮ್ಮ ದ್ರಾವಣ ಸುರಿದು ಅರೆದೆ. ರಸ ಕೆಂಪಗಾಯಿತು. ಸ್ವಲ್ಪ ಕೆಂಪಲ್ಲ, ಕಡು ಕೆಂಪು.

ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. "ಕಬ್ಬಿಣ ಕಣ್ರೀ! ಅದಿರಿನ ಕಬ್ಬಿಣ ಗಿಡದ ರಸಕ್ಕೇ ಇಳಿದುಬಿಟ್ಟಿದೆ. ಇದನ್ನ ಯಾರೂ ನೋಡಿಲ್ಲ!" ಬೆಂಗಳೂರಿಗೆ ಫೋನ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಲೇಖನದ ಮೊದಲ ಪುಟ ತಯಾರಾಗಿ, ಶೀರ್ಷಿಕೆಗೆ ಎರಡು ಗೆರೆಯೂ ಬಿದ್ದಿತ್ತು.

ಆಯಾ ಟ್ಯೂಬು ತೊಳೆಯುತ್ತ ಆ ರಸವನ್ನು ಬೆಳಕಿಗೆ ಹಿಡಿದು ಕೇಳಿದಳು. "ಮೇಡಂ, ಇದಕ್ಕ ಸುಣ್ಣ ಹಾಕೀರೇನ್ರಿ?"

"ಸುಣ್ಣ ಅಲ್ಲ, ಸುಣ್ಣದ ಗುಣದ್ದೇ ಒಂದು ಉಪ್ಪು."

"ಹಂಗಾದ್ರ ಯಾರೋ ಅರಿಶಿಣ ಹಾಕ್ಯಾರ ತಗೋರಿ. ಅರಿಶಿಣಕ್ಕ ಸುಣ್ಣ ಕೂಡಿದ್ರ ಆರತಿ ನೀರು ಆಗ್ತೈತಿ. ಇಷ್ಟು ಓದಿದವ್ರಿಗೆ ಇದು ಗೊತ್ತಿಲ್ಲೇನ್ರಿ?"

ಆ ಹೆಣ್ಣುಮಗಳು ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದ್ದಳು. ಕರೆಸಿ ಕೇಳಿದರೆ ಅವಳು ನನ್ನನ್ನೇ ಗದರಿದಳು. "ಹೂಂ ಮತ್ತ, ಹಚ್ಚೀನಿ. ತೊಳದು ತಾ ಅಂದ್ರಿ, ತೊಳದೆ. ಹುಟ್ಟಿದಾಗಿಂದ ಮೊದಲನೇ ಸಲ ತೋಟ ಬಿಟ್ಟು ಊರಿಗೆ ಹೊಂಟೈತಿ, ಬರೀ ಹಣೀಲೆ ಹ್ಯಾಂಗ ಕಳಸ್ಲಿ?"

ಸಾಹೇಬರು ಲೇಖನದ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಆಯಾ ಮಾತ್ರ ಆ ಕೆಂಪು ನೀರನ್ನು ಚೆಲ್ಲುವ ಮೊದಲು ಅವರ ಮುಖದ ಮುಂದೆ ಮೂರು ಸಲ ನಿವಾಳಿಸಿದಳು. "ಹೆಂಗೂ ತಯಾರಾಗೈತಿ, ಯಾಕ ಕೆಡಸೂದು?"

ಹಂಪಿಯ ಗೈಡು

ಹಂಪಿಯಲ್ಲಿ ಕಲ್ಲು ಮಂಟಪದ ಮಗ್ಗುಲಿಗೇ ಬಾಳೆ ತೋಟ. ಒಂದು ಬೆಳಿಗ್ಗೆ ನಾನು ಗಿಡದಿಂದ ಗಿಡಕ್ಕೆ ಹೋಗುತ್ತ, ಪ್ರತಿ ಎಲೆಯಿಂದ ರೂಪಾಯಿಯಗಲದ ಒಂದು ತುಂಡು ಕತ್ತರಿಸಿ ಪುಟ್ಟ ಚೀಲಕ್ಕೆ ಹಾಕುತ್ತಿದ್ದೆ. ಬೇಲಿಯಾಚೆ ಉತ್ತರದ ಕಡೆಯ ಪ್ರವಾಸಿಗಳ ಗುಂಪು ನಿಂತಿತು. ಆಕೆ ಏನು ಮಾಡುತ್ತಿದ್ದಾಳೆ ಎಂದು ಯಾರೋ ಗೈಡನ್ನು ಕೇಳಿದರು. ಗೊತ್ತಿಲ್ಲ ಎನ್ನುವ ಗೈಡು ಹಂಪಿಯಲ್ಲಿ ಇನ್ನೂ ಹುಟ್ಟಿಲ್ಲ.

ಆತ ಹಿಂದಿಯಲ್ಲಿ ಶುರು ಮಾಡಿದ. ಅರಸರ ಕಾಲದಲ್ಲಿ ಮಹಾರಾಣಿಯ ಊಟದ ಎಲೆಗೆ ವಿಷ ಸೋಕಿದೆಯೋ ಎಂದು ನೋಡಲು ದಾಸಿಯರು ದಿನ ಬೆಳಿಗ್ಗೆ ಹೀಗೇ ತುಂಡು ಕತ್ತರಿಸುತ್ತಿದ್ದರಂತೆ. ಆ ದಾಸಿಯರ ಮನೆತನ ಇವತ್ತಿಗೂ ಪದ್ಧತಿ ಬಿಟ್ಟಿಲ್ಲವಂತೆ. ಕ್ಯಾಮೆರಾಗಳು ನನ್ನ ಕಡೆ ತಿರುಗಿದವು. ನಾನು ಬಾಯಿ ತೆರೆಯುವಷ್ಟರಲ್ಲಿ ಆತ ಬೇಲಿಗೆ ಬಗ್ಗಿ ಕನ್ನಡದಲ್ಲಿ ಹೇಳಿದ. "ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ನಗಬ್ಯಾಡ್ರಿ. ಇನ್ನೊಂದ ನಾಕ ಎಲಿ ಹಂಗ ಕತ್ತರಸ್ರಿ."

ನನ್ನಿಂದಾಗಲಿಲ್ಲ. ಒಬ್ಬ ವಯಸ್ಸಾದ ಪ್ರವಾಸಿ ನೇರವಾಗಿ ನನ್ನನ್ನೇ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಈ ಗಿಡಗಳು ಚೆನ್ನಾಗಿವೆ, ಆದರೆ ರೋಗ ಒಳಗೆ ಬಂದಿರಬಹುದು, ಎಂದೋ ಸತ್ತ ಒಂದು ಇಲಿಯ ಸಹಾಯದಿಂದ ಅದನ್ನು ಈಗಲೇ ಹಿಡಿಯುತ್ತೇವೆ. ಅವರು ನನ್ನನ್ನು ಕನಿಕರದಿಂದ ನೋಡಿ, ಗೈಡಿನ ಹೆಗಲ ಮೇಲೆ ಕೈಯಿಟ್ಟರು. "ಮಹಾರಾಣಿ ಏನು ತಿನ್ನುತ್ತಿದ್ದಳು, ನೀನು ಹೇಳಪ್ಪ."

ಹಳದಿ ಬಂತು, ಪೇಡೆ ತಂದರು

ವರ್ಷ ಮುಗಿಯಲು ಮೂರೇ ತಿಂಗಳಿತ್ತು. ಒಂದು ಗಿಡವನ್ನೂ ಯಾರೂ ಕಿತ್ತಿರಲಿಲ್ಲ. ರೈತರು ಕಣ್ಣಾರೆ ನೋಡಿದರೆ ನಂಬುತ್ತಾರೆ ಎಂದು ಮಲಪನಗುಡಿಯ ಹತ್ತಾರು ಜನರನ್ನು ಲ್ಯಾಬಿಗೇ ಕರೆದೆವು.

ಅವರಲ್ಲಿ ಒಬ್ಬ ಅಜ್ಜ. ಸುಗಂಧಿ ಬಾಳೆಯ ತೋಟ. ಗಿಡದ ಜೊತೆ ಮಾತಾಡಿಕೊಂಡೇ ಗೊಬ್ಬರ ಹಾಕುವವರು; ಅದರಲ್ಲೂ ಕಾಲುವೆ ಮಗ್ಗುಲಿನ ಒಂದು ಗಿಡ ಅವರ ಮುದ್ದು. ಎಲ್ಲರೂ ತಮ್ಮ ತಮ್ಮ ಎಲೆಯ ರಸ ಹಾಕಿದ ಪ್ಲೇಟಿನ ಸುತ್ತ ನಿಂತರು. ಕೊನೆಯ ದ್ರಾವಣ ಹಾಕಿದೆ. ಎಲ್ಲರ ಗುಳಿಯೂ ತಿಳಿನೀರು. ಒಂದು ಮಾತ್ರ ನಿಧಾನವಾಗಿ ಹಳದಿಗೆ ತಿರುಗಿತು. ಅದು ಅಜ್ಜನ ಕಾಲುವೆ ಮಗ್ಗುಲಿನ ಗಿಡದ್ದು.

"ನಂದು ಹಳದಿ ಬಂತಲೇ!" ಎಂದು ಅಜ್ಜ ಕೂಗಿದರು. ನಾನು ಬಾಯಿ ತೆರೆಯುವುದರೊಳಗೆ ಮೆಟ್ಟಿಲಿಳಿದಿದ್ದರು. ವಾಪಸು ಬಂದಾಗ ಕೈಯಲ್ಲಿ ಪೇಡೆಯ ಪೊಟ್ಟಣ. ಎಲ್ಲರಿಗೂ ಹಂಚಿದರು. ಸಾಹೇಬರ ಬಾಯಿಗೆ ತಾವೇ ಇಟ್ಟರು. ಪಕ್ಕದ ತೋಟದ ರೈತ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದ. "ಮೇಡಂ, ನಮ್ಮದಕ್ಕೂ ಇನ್ನೊಂದ ಹನಿ ಹಾಕ್ರೆಲ. ಇಬ್ರೂ ಒಂದ ಕಾಲುವಿ ನೀರು ಹಾಯಸ್ತೀವಿ, ಅವಂಗಷ್ಟ ಬಂದು ನಮಗ ಬರಲಿಲ್ಲಂದ್ರ ಹೆಂಗ?"

ಹಳದಿ ಎಂದರೆ ರೋಗ ಎಂದು ನಾನು ಹೇಳಬೇಕಾಯಿತು.

"ಹಳದಿ ಮದಿವಿ ಬಣ್ಣ ಅಲ್ಲೇನ್ರಿ?" ಎಂದರು ಅಜ್ಜ. "ಯಾರು ಆರಿಸಿದ್ದಿದನ್ನ?"

"ಬೆಂಗಳೂರಿನವರು, ಅಜ್ಜಾರ."

"ಅವರಿಗೆ ಮದಿವಿ ಆಗೈತೇನು ಕೇಳ್ರಿ ಮೊದಲ."

ಗಿಡವನ್ನು ಗಡ್ಡೆ ಸಮೇತ ಕಿತ್ತು, ಕೊಚ್ಚಿ, ಹೂಳಬೇಕು. ತಡಮಾಡಿದರೆ ಪಕ್ಕದ ತೋಟಕ್ಕೂ ಹಬ್ಬುತ್ತದೆ ಎಂದು ಬೇಡಿಕೊಂಡೆ. ಅಜ್ಜ ಪಂಚೆ ಕೊಡವಿ ಎದ್ದರು. "ಸಾಕಿದ ಕೈಲೆ ಕೀಳಬಾರದು ಅಂತ ನಮ್ಮಪ್ಪ ಹೇಳ್ಯಾನ. ಅದೂ ಇರ್ಲಿ. ಪೇಡೆ ತಿನ್ನೂತನಕ ಸುಮ್ಮನಿದ್ದು ಆಮ್ಯಾಲ ಹೇಳ್ತೀರಲ್ಲ, ನಿಮ್ಮನ್ನ ಹೆಂಗ ನಂಬೂದು?"

ಫೋನಿನಲ್ಲಿ ಕಿತ್ತ ಬಾಳೆ

ಹೋಗುವ ಮೊದಲು ಅಜ್ಜ ಒಂದು ಮಾತು ಕೇಳಿದ್ದರು. "ನಿಮ್ಮ ಮನ್ಯಾಗ ಬಾಳಿ ಐತೇನ್ರಿ? ಅದನ್ನ ನೋಡೀರೇನು?"

ಇತ್ತು. ಹಿತ್ತಲಲ್ಲಿ, ಬಚ್ಚಲ ನೀರು ಕುಡಿದು ಬೆಳೆದ, ನಮ್ಮ ಅತ್ತೆಯವರ ಬಾಳೆ. ಹಬ್ಬಕ್ಕೆ ಓಣಿಗೆಲ್ಲ ಎಲೆ ಅದರದೇ. ಅತ್ತೆ ಮಲಗಿದ್ದಾಗ ಕಳ್ಳಿಯ ಹಾಗೆ ಒಂದು ತುಂಡು ಕತ್ತರಿಸಿಕೊಂಡು ಹೋದೆ. ಹಳದಿ ಬಂತು. ನಂಬಲಾರದೆ ಮೂರು ಸಲ ಮಾಡಿದೆ, ಮೂರು ಸಲವೂ ಹಳದಿ. ಆ ಹೇನು ತೋಟ ತಿರುಗುವ ನನ್ನ ಚೀಲದಲ್ಲೇ ಮನೆಗೆ ಬಂದಿರಬೇಕು. ಈ ಮಾತನ್ನು ಇವತ್ತಿನವರೆಗೂ ಅತ್ತೆಗೆ ಹೇಳಿಲ್ಲ.

ಅಡುಗೆ ಮನೆಯಲ್ಲಿ ಹೇಗೋ ಧೈರ್ಯ ಮಾಡಿದೆ. "ಅತ್ತೀ, ನಮ್ಮ ಬಾಳಿಗೆ ರೋಗ ಬಂದೈತಿ. ಕೀಳಬೇಕು."

"ಹಸರಗೆ ಹೆಂಗ ಐತಿ ನೋಡು ಅದು! ಯಾರು ಹೇಳಿದ್ರು?"

"ಲ್ಯಾಬಿನ್ಯಾಗ ನೋಡೀವಿ. ಆ್ಯಂಟಿಬಾಡಿ ಅಂತ ಇರ್ತೈತಿ."

"ಅದು ಯಾರ್ದು?"

"ಇಲೀದು."

ಅತ್ತೆ ಸೌಟು ಕೆಳಗಿಟ್ಟರು. "ಇಲಿ ಮಾತು ಕೇಳಿ ಅತ್ತಿ ಗಿಡ ಕೀಳಾಕ ಬಂದ ಸೊಸೀನ ನಮ್ಮ ಓಣ್ಯಾಗ ಯಾರೂ ನೋಡಿಲ್ಲ ಬಿಡು."

ಇತ್ತ ಅಜ್ಜನ ಷರತ್ತು: ಮೇಡಂ ಮನೆಯವರು ಕಿತ್ತರೆ ನಾನೂ ಕೀಳುತ್ತೇನೆ. ಅತ್ತ ಅತ್ತೆಯ ಷರತ್ತು: ತೋಟದವರೇ ಕೀಳದಿದ್ದ ಮೇಲೆ ನಾನ್ಯಾಕೆ ಮೊದಲು ಕೀಳಲಿ? ವಾರಗಟ್ಟಲೆ ಎರಡೂ ಮನೆಗೆ ಓಡಾಡಿ, ಕೊನೆಗೆ ಒಂದೇ ದಿನ, ಬೆಳಿಗ್ಗೆ ಹತ್ತಕ್ಕೆ, ಇಬ್ಬರೂ ಒಟ್ಟಿಗೆ ಹಾರೆ ಹಾಕಿ ಕೀಳುವುದೆಂದು ಒಪ್ಪಿಸಿದೆ. ಒಬ್ಬರಿಗೆ ಇನ್ನೊಬ್ಬರ ಮೇಲೆ ನಂಬಿಕೆಯಿಲ್ಲ. ಅದಕ್ಕೇ ಲ್ಯಾಬಿನ ಫೋನಿನಲ್ಲಿ ಅತ್ತೆ, ನನ್ನ ಮೊಬೈಲಿನಲ್ಲಿ ಅಜ್ಜ. ಒಂದು ಫೋನಿನ ಬಾಯಿಗೆ ಇನ್ನೊಂದರ ಕಿವಿ ಕೂಡಿಸಿ ಹಿಡಿದು ನಿಂತೆ.

"ಹಾರಿ ಹಾಕೀರೇನ್ರಿ ಅಕ್ಕಾರ?"

"ಹಾಕೀನ್ರಿ. ನೀವು?"

"ನಾನೂ ಹಾಕೀನಿ, ಕೇಳಸ್ಕೋರಿ."

ಈ ಕಡೆಯಿಂದ ಢಣ್ ಢಣ್. ಆ ಕಡೆಯಿಂದ ಧಡ್ ಧಡ್. ಜೊತೆಗೆ ಇಬ್ಬರದೂ ನಿಟ್ಟುಸಿರು. "ಭಾಳ ಆಳಕ್ಕ ಹೋಗೈತ್ರಿ ಗಡ್ಡಿ" ಎಂದು ಅಜ್ಜ, "ಹೊಟ್ಟಿ ಉರೀತೈತ್ರಿ" ಎಂದು ಅತ್ತೆ. ಕೊನೆಗೆ ಇಬ್ಬರೂ "ಆತ್ರಿ" ಎಂದರು. ಸಾಹೇಬರು ಟೀ ತರಿಸಿದರು. ನಾನು ಖುಷಿಗೆ ಅತ್ತೇಬಿಟ್ಟೆ.

ಸಂಜೆ ಮನೆಗೆ ಹೋದರೆ ಬಾಳೆ ಗಾಳಿಗೆ ತಲೆಯಾಡಿಸುತ್ತಿದೆ. ಕೆಳಗೆ ಹಾರೆ ಬಿದ್ದಿದೆ. ಬಟ್ಟೆ ಒಗೆಯುವ ಕಲ್ಲಿನ ಒಂದು ಮೂಲೆ ಮುರಿದಿದೆ.

"ನಾ 'ಆತು' ಅಂದೀನಿ," ಎಂದರು ಅತ್ತೆ. "ಕಿತ್ತೆ ಅಂತ ಎಲ್ಲಿ ಅಂದೀನಿ?"

ಮರುದಿನ ಮೊದಲ ಬಸ್ಸಿಗೆ ಮಲಪನಗುಡಿಗೆ ಓಡಿದೆ. ಅಜ್ಜನ ಗಿಡವೂ ನಿಂತಿತ್ತು. ಅವರು ಹೊಡೆದಿದ್ದು ತೆಂಗಿನ ಬೊಡ್ಡೆಗೆ. ನನ್ನ ಮುಖ ನೋಡಿ ತಲೆ ತಗ್ಗಿಸಿದರು. "ತಪ್ಪಾತ್ರಿ ತಂಗಿ. ಪಾಪ, ನಿಮ್ಮ ಅತ್ತಿಯವ್ರು ಖರೇನ ಕಿತ್ರೇನು?"

"ಇಲ್ಲ. ಅವರು ಕಲ್ಲಿಗೆ ಹೊಡೆದ್ರು."

ಅಜ್ಜನ ಮುಖ ಅರಳಿತು. "ಭಾಳ ಶಾಣ್ಯಾ ಅದಾರಲ್ಲ! ಒಮ್ಮಿ ಭೆಟ್ಟಿ ಆಗಬೇಕು ಅವರನ್ನ."

ಮುಯ್ಯಾಳು

ಭೇಟಿಯಾಗಲು ಅಜ್ಜ ನಿಜವಾಗಿಯೂ ಬಂದರು. ಇಬ್ಬರೂ ಹಿತ್ತಲಲ್ಲಿ, ಮುರಿದ ಕಲ್ಲಿನ ಮೇಲೊಬ್ಬರು, ಮಣೆಯ ಮೇಲೊಬ್ಬರು ಕೂತರು. ಜಗಳ ಬೀಳುತ್ತದೆಂದು ನಾನು ಬಾಗಿಲ ಹಿಂದೆ ನಿಂತೆ.

"ಸಾಕಿದ ಕೈಲೆ ಕೀಳಾಕ ನನ್ನ ಕಡಿಂದ ಆಗಂಗಿಲ್ರಿ ಅಕ್ಕಾರ."

"ನನ್ನ ಕಡಿಂದೂ ಆಗಂಗಿಲ್ರಿ. ಆದ್ರ ಈ ಹುಡುಗಿ ದಿನಾ ಅತ್ತಗೊಂತ ಊಟ ಬಿಟ್ಟೈತಿ. ಕೆಲಸ ಹೋಗ್ತೈತಂತ." ನನ್ನ ಊಟ ಅತ್ತೆಯವರ ಲೆಕ್ಕದಲ್ಲಿತ್ತೆಂದು ಅವತ್ತೇ ನನಗೆ ಗೊತ್ತಾಗಿದ್ದು.

ಅಜ್ಜ ಬಾಳೆಯ ಕಡೆ ನೋಡಿದರು. ಆಮೇಲೆ ಅತ್ತೆ ಹೇಳಿದರು. "ನಾಟಿಗೆ ಮುಯ್ಯಾಳು ಹೋಗ್ತೀವಿ, ಕೊಯ್ಲಿಗೆ ಮುಯ್ಯಾಳು ಹೋಗ್ತೀವಿ. ನೀವು ನಮ್ಮ ಹೊಲಕ್ಕ, ನಾವು ನಿಮ್ಮ ಹೊಲಕ್ಕ. ಕೀಳಾಕ ಯಾಕ ಆಗಬಾರದು? ನಮ್ಮದನ್ನ ನೀವು ಕೀಳ್ರಿ. ನಿಮ್ಮದನ್ನ ನಾ ಬಂದು ಕೀಳ್ತೀನಿ. ಸಾಕಿದ ಕೈಗೆ ಪಾಪ ಇಲ್ಲ."

ಇಷ್ಟು ತಿಂಗಳು ಸಾಹೇಬರಿಗೂ ನನಗೂ ಹೊಳೆಯದ ಮಾತು ಅದು. ಅಜ್ಜ ಅಲ್ಲೇ ಹಾರೆ ಹಿಡಿದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಕೂತರು. ಗಡ್ಡೆ ಅಲುಗಾಡುವ ಹೊತ್ತಿಗೆ ನನ್ನನ್ನು ಒಳಗೆ ಕಳಿಸಿದರು. "ಅಜ್ಜಾರಿಗೆ ಮಜ್ಜಿಗಿ ತಾ, ಹೋಗು." ತರುವಷ್ಟರಲ್ಲಿ ಗಿಡ ನೆಲಕ್ಕೆ ಬಿದ್ದಿತ್ತು.

ಮರುದಿನ ಅತ್ತೆ ಒಂದು ದೊಡ್ಡ ಚೀಲ ಹಿಡಿದು ನನ್ನ ಜೊತೆ ಟಂಟಂ ಆಟೋ ಹತ್ತಿದರು. ಚೀಲದಲ್ಲಿ ಬುತ್ತಿ ಎಂದರು. ಮಲಪನಗುಡಿಯಲ್ಲಿ ಸೆರಗು ಸಿಕ್ಕಿಸಿ ಅಜ್ಜನ ಮುದ್ದಿನ ಗಿಡ ಕಿತ್ತರು. "ಮೆತ್ತಗ್ರಿ ಅಕ್ಕಾರ, ಮೆತ್ತಗ" ಎಂದು ಅಜ್ಜ ಕಾಲುವೆಯ ಕಡೆ ನೋಡುತ್ತ ಕೂತಿದ್ದರು. ಇಲ್ಲೂ ಕೊನೆಯ ಹೊತ್ತಿಗೆ ನನ್ನನ್ನು ನೀರು ತರಲು ಕಳಿಸಿದರು. ನನಗೆ ಅನುಮಾನ ಬರಲಿಲ್ಲ. ಆ ವಾರವೇ ನಮ್ಮ ಮನೆಯ ನೀಲಿ ಸೊಳ್ಳೆ ಪರದೆ ಕಾಣೆಯಾಗಿ, ಯಜಮಾನರು ರಾತ್ರಿಯೆಲ್ಲ ಕೈ ಚಪ್ಪಾಳೆ ತಟ್ಟುತ್ತಿದ್ದರು. ಅದಕ್ಕೂ ಇದಕ್ಕೂ ನಂಟಿದೆಯೆಂದು ಹೊಳೆಯಲೂ ಇಲ್ಲ.

ಕಿತ್ತ ಗಿಡವನ್ನು ಕೊಚ್ಚಬೇಕು ಎಂದು ನಾನು ಪದೇ ಪದೇ ಹೇಳಿದ್ದೆ. ಮನೆಯ ಬಾಳೆಯನ್ನು ಅತ್ತೆ ಕೊಚ್ಚಿದರು. ಎಲೆ, ಗಡ್ಡೆ ಹೂತರು. ಒಳಗಿನ ದಿಂಡನ್ನು ಮಾತ್ರ ಇನ್ನೂ ಸಣ್ಣಗೆ ಕೊಚ್ಚಿ, ಕಡಲೆಬೇಳೆ ಹಾಕಿ, ಒಗ್ಗರಣೆ ಕೊಟ್ಟರು. "ರೋಗ ಬಾಳಿಗಲ್ಲೇನು? ನಮಗ ಬಂದಿಲ್ಲಲ್ಲ, ಉಣ್ಣು."

ಸೊಳ್ಳೆ ಪರದೆ

ಗಡುವಿನ ಕೊನೆಗೆ ಕಮಿಟಿ ಬಂತು. ಮೂವರು ದೊಡ್ಡ ವಿಜ್ಞಾನಿಗಳು. ಸಾಹೇಬರು ಎದೆಯುಬ್ಬಿಸಿ ವರದಿ ಓದಿದರು: ಹಸಿರಾಗಿದ್ದ ಎರಡು ಗಿಡಗಳನ್ನು ಪರೀಕ್ಷೆಯ ಮಾತಿನ ಮೇಲೆ ಕಿತ್ತಿದ್ದಾರೆ.

ಕಮಿಟಿಯ ಹಿರಿಯರು ಕನ್ನಡಕದ ಮೇಲಿಂದ ನೋಡಿದರು. "ಕಿತ್ತಾಗ ಹಸಿರಾಗಿದ್ದವು ಅಂತೀರಿ. ಹಾಗಿದ್ದರೆ ರೋಗ ಇತ್ತು ಅನ್ನೋದಕ್ಕೆ ನಿಮ್ಮ ಹಳದಿ ನೀರು ಬಿಟ್ಟು ಬೇರೆ ಸಾಕ್ಷಿ ಏನು? ಒಳ್ಳೆಯ ಗಿಡಗಳನ್ನೇ ಕೀಳಿಸಿಲ್ಲ ಅಂತ ಹೇಗೆ ನಂಬೋದು?"

ಸಾಹೇಬರು ವರದಿಯ ಹಾಳೆ ತಿರುವಿದರು. ಗಿಡ ಹೂತು ಎರಡು ತಿಂಗಳಾಗಿತ್ತು. ಕಿತ್ತರೆ ಸಾಕು ಎಂಬ ಆತುರದಲ್ಲಿ ಗಡುವಿನ ಈ ಎರಡನೇ ಷರತ್ತನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು. ನನ್ನ ಕಣ್ಣ ಮುಂದೆ ವೇಬ್ರಿಡ್ಜಿನ ಕುರ್ಚಿ ಬಂದು ನಿಂತಿತು.

ಆಗ ಮೆಟ್ಟಿಲ ಮೇಲೆ ಧಡಧಡ ಸದ್ದು. ಅಜ್ಜ ಮುಂದೆ, ಅತ್ತೆ ಹಿಂದೆ, ನಡುವೆ ಮೂರು ಎಣ್ಣೆ ಡಬ್ಬಿ ಹೊತ್ತ ಟಂಟಂ ಡ್ರೈವರು. ಡಬ್ಬಿಗಳ ಮೇಲೆಲ್ಲ ಹೊದಿಸಿದ್ದು ನಮ್ಮ ಮನೆಯ ನೀಲಿ ಸೊಳ್ಳೆ ಪರದೆ.

ಅಜ್ಜ ಪರದೆ ಎತ್ತಿದರು. ಮೂರು ಡಬ್ಬಿಯಲ್ಲಿ ಮೂರು ಬಾಳೆ ಕಂದು. ಎರಡರ ಎಲೆಗಳು ಬಿಚ್ಚಿಕೊಳ್ಳದೆ ನೆತ್ತಿಯಲ್ಲಿ ಗಟ್ಟಿಯಾಗಿ ಜುಟ್ಟು ಕಟ್ಟಿ ನಿಂತಿದ್ದವು. ಮೂರನೆಯದು ಅಗಲವಾಗಿ ಎಲೆ ಬಿಟ್ಟು ನಳನಳಿಸುತ್ತಿತ್ತು.

"ಇದು ನಂದು, ಇದು ಅಕ್ಕಾರದು. ಕೀಳೂ ಹೊತ್ತಿನ್ಯಾಗ ಮಗ್ಗಲ ಕಂದು ತಗದು ಮುಚ್ಚಿಟ್ಟಿದ್ವಿ. ಮೇಡಮ್ಮಾರು ನೋಡಿದ್ರ ಬೈತಿದ್ರು."

ನನಗೆ ಮಜ್ಜಿಗೆ ನೆನಪಾಯಿತು. ನೀರೂ ನೆನಪಾಯಿತು. ಬುತ್ತಿಯ ಚೀಲವೂ ನೆನಪಾಯಿತು.

"ಈ ಮೂರನೇದು?" ಎಂದು ಹಿರಿಯರು ಕುರ್ಚಿಯಿಂದ ಎದ್ದು ಬಂದರು.

"ಅದು ಬಾಜೂ ತೋಟದವಂದ್ರಿ, ಹಳದಿ ಬಂದಿದ್ದಿಲ್ಲ. ಒಂದು ಕೂಸು ಸರಿ ಬೆಳಿಯಾಕ ಹತ್ತೈತೋ ಇಲ್ಲೋ ನೋಡಾಕ ಬಾಜೂಕ ಇನ್ನೊಂದು ಕೂಸು ಬೇಕಲ್ರಿ?"

"ಪರದೆ ಯಾಕೆ ಹಾಕಿದ್ರಿ?"

"ಹೇನು ರೋಗ ತರ್ತೈತಿ ಅಂತ ಮೇಡಮ್ಮಾರ ಹೇಳಿದ್ರು. ಹೊರಗಿಂದ ಬಂದು ರೋಗ ತಗಲಿದ್ರ ಆಮ್ಯಾಲ ಇಲಿ ಮ್ಯಾಲ ತಪ್ಪು ಬರಬಾರದು ನೋಡ್ರಿ. ನಮ್ಮ ದನದ ಕೊಟ್ಟಿಗ್ಯಾಗ ಬಂದೋಬಸ್ತ್ ಮಾಡಿ ಇಟ್ಟಿದ್ದೆ."

ಹಿರಿಯರು ಸಾಹೇಬರ ಕಡೆ ತಿರುಗಿದರು. "ಏನ್ರೀ, ಇಷ್ಟು ಚೊಕ್ಕವಾದ ಪ್ರಯೋಗ ಮಾಡಿ ವರದಿಯಲ್ಲಿ ಒಂದು ಸಾಲೂ ಬರೆದಿಲ್ಲವಲ್ಲ?" ಸಾಹೇಬರು ಮೇಲೆ ನೋಡಿದರು, ಕೆಳಗೆ ನೋಡಿದರು, ಫ್ಯಾನು ನೋಡಿದರು.

ಹಿರಿಯರಿಗೆ ಖುಷಿಯೋ ಖುಷಿ. "ಅಂದರೆ ನಮ್ಮ ಪರೀಕ್ಷೆಯ ಮೇಲೆ ನಿಮಗೆ ಅಷ್ಟು ನಂಬಿಕೆ ಇತ್ತು ಅನ್ನಿ ಅಜ್ಜಾ."

"ನಂಬಿದ್ರ ಯಾಕ ಇಡ್ತಿದ್ವಿ ಸಾಹೇಬ್ರ? ನಂಬಿಕಿ ಇದ್ದಿದ್ದಿಲ್ಲ ಅಂತನ ಇಟ್ವಿ."

ಲ್ಯಾಬಿಗೆ ಇನ್ನೂ ಮೂರು ವರ್ಷ ಸಿಕ್ಕಿತು. ವೇಬ್ರಿಡ್ಜಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಅವತ್ತು ಹೊರಡುವ ಮುಂಚೆ ಹಿರಿಯರು ಅತ್ತೆಯವರಿಗೆ ಕೈ ಮುಗಿದರು. "ಏನೇ ಆಗಲಿ ಅಮ್ಮಾ, ಕೊನೆಗೆ ನಿಮ್ಮ ಸೊಸೆ ಹೇಳಿದ್ದೇ ನಿಜವಾಯ್ತಲ್ಲ?"

ಮದುವೆಯಾಗಿ ಅಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಆ ಒಂದು ಮಾತು ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೋ ದೇವರಿಗೇ ಗೊತ್ತು.

ಅತ್ತೆ ಸೊಳ್ಳೆ ಪರದೆಯನ್ನು ಚೆನ್ನಾಗಿ ಕೊಡವಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡರು.

"ಸೊಸಿ ಎಲ್ಲಿ ಹೇಳಿದ್ಲ್ರಿ? ಹೇಳಿದ್ದು ಇಲಿ."